ತಾಮ್ರದ ತಂತಿ ಕೇಳದೆಯೇ ಕೊಡುತ್ತಿದ್ದದ್ದು

(ಸಣ್ಣ ಕಚೇರಿಗಳನ್ನು ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತು ಇದು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕರೆಂಟ್ ಹೋದಾಗ ಲ್ಯಾಂಡ್‌ಲೈನ್ ರಿಸೀವರ್ ಎತ್ತಿ ನೋಡಿದ್ದೀರಾ? ದೀಪವಿಲ್ಲ, ಫ್ಯಾನಿಲ್ಲ, ಕಂಪ್ಯೂಟರ್ ಕಪ್ಪಾಗಿ ಕೂತಿದೆ. ಆದರೆ ರಿಸೀವರ್ ಕಿವಿಗೆ ಹಿಡಿದರೆ ಡಯಲ್ ಟೋನ್ ಕೇಳುತ್ತದೆ. ಅದಕ್ಕೆ ಬೇಕಾದ ಕರೆಂಟ್ ನಿಮ್ಮ ಗೋಡೆಯ ಪ್ಲಗ್ಗಿನಿಂದ ಬಂದದ್ದಲ್ಲ. ದೂರದ ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿಗಳ ಸಾಲು ಇರುತ್ತದೆ. ಅಲ್ಲಿಂದ 48 ವೋಲ್ಟ್ ಡಿಸಿ, ಮಾತು ಹರಿಯುವ ಅದೇ ಎರಡು ತಾಮ್ರದ ತಂತಿಗಳ ಮೇಲೆ ನಿಮ್ಮ ಮೇಜಿನವರೆಗೆ ಬರುತ್ತದೆ.

ಇದನ್ನು ಕೊಡಿ ಅಂತ ನಾವು ಯಾರೂ ಅರ್ಜಿ ಹಾಕಿರಲಿಲ್ಲ. ಫೋನ್ ಜೊತೆಗೇ ಬಂತು. ಇಂಥವು ಇನ್ನೂ ಇದ್ದವು. ತುರ್ತು ಕರೆ ಮಾಡಿದರೆ ನೀವು ಯಾವ ವಿಳಾಸದಲ್ಲಿದ್ದೀರಿ ಅಂತ ಆ ಕಡೆಯವರಿಗೆ ಗೊತ್ತಾಗುತ್ತಿತ್ತು. ಪಕ್ಕದ ಮೇಜಿನವರು ದೊಡ್ಡ ಫೈಲ್ ಕಳಿಸುತ್ತಿದ್ದರೂ ನಿಮ್ಮ ಮಾತು ಒಡೆಯುತ್ತಿರಲಿಲ್ಲ. ನಾನು ಹದಿನೈದು ವರ್ಷದಿಂದ ಕಚೇರಿಗಳಿಗೆ ಫೋನ್, ನೆಟ್‌ವರ್ಕ್ ಹಾಕಿಕೊಡುವ ಕೆಲಸದಲ್ಲಿದ್ದೇನೆ. ತಾಮ್ರದ ಲ್ಯಾಂಡ್‌ಲೈನ್ ಹೋಗಿ ಇಂಟರ್‌ನೆಟ್ ಫೋನ್ ಬಂದ ಕಚೇರಿಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಹೊಸ ಸೇವೆ ಕೆಟ್ಟದ್ದು ಅಂತ ಆದವಲ್ಲ. ಹಳೆಯದು ಸುಮ್ನೆ ಕೊಡುತ್ತಿದ್ದದ್ದನ್ನು ಹೊಸದರಲ್ಲಿ ಯಾರೂ ಕೇಳಿ ಪಡೆಯಲಿಲ್ಲ, ಅದಕ್ಕೆ ಆದವು. ಇವತ್ತು ಅದನ್ನೇ ಮಾತಾಡೋಣ. ಏನೇನು ಕೇಳಿ ಪಡೆಯಬೇಕು, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು.

ತಂತಿ ಯಾಕೆ ಹೋಗುತ್ತಿದೆ

ಬೆಲ್ ಟೆಲಿಫೋನ್‌ಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದರೆ ಹೊರಗಿನ ಗದ್ದಲ ಕಡಿಮೆಯಾಗುತ್ತದೆ ಅನ್ನುವ ಉಪಾಯವೂ ಅವರದ್ದೇ, 1881ರದ್ದು. ಇವತ್ತು ನಿಮ್ಮ ಕಚೇರಿಗೆ ಬರುವ ತಾಮ್ರದ ಜೋಡಿ ತಂತಿ ಆ ಉಪಾಯದ ನೇರ ವಂಶ. ಇಷ್ಟು ಕಾಲ ಬಾಳಿದ ತಂತ್ರಜ್ಞಾನ ಬೇರೆ ಎಷ್ಟಿವೆ ಹೇಳಿ?

ಆದರೆ ಆ ಎಕ್ಸ್‌ಚೇಂಜ್ ಯಂತ್ರಗಳಿಗೆ ಬಿಡಿಭಾಗ ಮಾಡುವವರು ಇಲ್ಲವಾಗುತ್ತಿದ್ದಾರೆ. ಅದನ್ನು ರಿಪೇರಿ ಮಾಡಬಲ್ಲವರು ನಿವೃತ್ತರಾಗುತ್ತಿದ್ದಾರೆ. ಮಳೆ ನೀರು ಕೇಬಲ್ ಒಳಗೆ ಇಳಿಯುತ್ತದೆ, ತಾಮ್ರಕ್ಕೆ ಬೆಲೆ ಇರುವುದರಿಂದ ಕಳ್ಳತನವೂ ಆಗುತ್ತದೆ. ಒಂದು ಕಡೆ ಫೈಬರ್ ಎಳೆದ ಕಂಪನಿ ಇನ್ನೊಂದು ಕಡೆ ಹಳೆಯ ಜಾಲವನ್ನೂ ಸಾಕಬೇಕು ಅಂದರೆ ಎಷ್ಟು ದಿನ ಸಾಕೀತು? ಬ್ರಿಟನ್ ತನ್ನ ಹಳೆಯ ಟೆಲಿಫೋನ್ ಜಾಲವನ್ನು 2025ರ ಕೊನೆಗೆ ನಿಲ್ಲಿಸುವುದಾಗಿ ಹೇಳಿತ್ತು. ಆಮೇಲೆ ಆ ಗಡುವನ್ನು 2027ರ ಜನವರಿ 31ಕ್ಕೆ ಮುಂದೂಡಿತು. ಅಲ್ಲಿ ಹಳೇ ಮಾದರಿಯ ಲೈನ್‌ಗಳನ್ನು ಹೊಸದಾಗಿ ಮಾರುವುದು 2023ರ ಸೆಪ್ಟೆಂಬರ್‌ನಲ್ಲೇ ನಿಂತಿತು. ಫ್ರಾನ್ಸ್ 2030ರ ಗುರಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2029ರ ಕೊನೆಯೊಳಗೆ ತನ್ನ ಹೆಚ್ಚಿನ ಪ್ರದೇಶದಲ್ಲಿ ತಾಮ್ರದ ಸೇವೆ ಮುಗಿಸುವುದಾಗಿ ಹೇಳಿದೆ.

ಇಲ್ಲಿ ಎರಡು ಸಂಗತಿ ಕಲಸಿಹೋಗುತ್ತವೆ. ಹಳೆಯ ಟೆಲಿಫೋನ್ ಜಾಲ ನಿಲ್ಲುವುದು ಬೇರೆ, ನೆಲದೊಳಗಿನ ತಾಮ್ರದ ತಂತಿ ಹೋಗುವುದು ಬೇರೆ. ಕೆಲವು ಕಡೆ ಡಯಲ್ ಟೋನ್ ನಿಂತ ಮೇಲೂ ಅದೇ ತಾಮ್ರದ ಮೇಲೆ ಬ್ರಾಡ್‌ಬ್ಯಾಂಡ್ ಮಾತ್ರ ಇನ್ನೂ ಕೆಲವು ವರ್ಷ ಓಡುತ್ತದೆ. ಇನ್ನು ಕೆಲವು ಕಡೆ ಎರಡೂ ಒಟ್ಟಿಗೆ ಹೋಗುತ್ತವೆ. ಕಂಪನಿಯಿಂದ ಪತ್ರ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಿಲ್ಲುವುದು ಫೋನೋ, ತಂತಿಯೋ, ಎರಡೂನೋ?

ಮೊದಲು ತಂತಿ ಹಿಡಿದು ನಡೆಯಿರಿ

ಪ್ಲಾನ್, ದರ, ವೇಗ ನೋಡುವ ಮೊದಲು ಒಂದು ಕೆಲಸ ಮಾಡಿ. ಕಳೆದ ಒಂದು ವರ್ಷದ ಫೋನ್ ಬಿಲ್‌ಗಳನ್ನು ತೆಗೆಯಿರಿ. ಅದರಲ್ಲಿರುವ ಒಂದೊಂದು ನಂಬರಿಗೂ ಅದರ ತಂತಿ ಕಟ್ಟಡದೊಳಗೆ ಎಲ್ಲಿ ಹೋಗುತ್ತದೆ ಅಂತ ಕಾಲಲ್ಲಿ ನಡೆದು ನೋಡಿ. ಕೂತಲ್ಲೇ ಪಟ್ಟಿ ಮಾಡಬೇಡಿ.

ನಾನು ಹೋದ ಒಂದು ಕಚೇರಿಯಲ್ಲಿ ಏಳು ನಂಬರಿಗೆ ಬಿಲ್ ಬರುತ್ತಿತ್ತು. ಐದು ಎಲ್ಲಿವೆ ಅಂತ ಎಲ್ಲರಿಗೂ ಗೊತ್ತಿತ್ತು. ಆರನೆಯದು ಫ್ಯಾಕ್ಸ್. ಏಳನೆಯದು ಯಾರಿಗೂ ಗೊತ್ತಿರಲಿಲ್ಲ. "ಅದು ಯಾರೂ ಬಳಸದ ಲೈನ್, ಮೊದಲು ಅದನ್ನೇ ತೆಗೆಸಿಬಿಡಿ" ಅಂದರು. ತಂತಿ ಹಿಡಿದು ಹೋದೆ. ಮೆಟ್ಟಿಲ ಕೆಳಗಿನ ಕೋಣೆಗೆ ಹೋಯಿತು, ಅಲ್ಲಿಂದ ಮೇಲೆ, ಕೊನೆಗೆ ಲಿಫ್ಟ್ ಯಂತ್ರದ ಕೋಣೆಗೆ. ಲಿಫ್ಟ್ ಒಳಗೆ ಸಿಕ್ಕಿಹಾಕಿಕೊಂಡವರು ಒತ್ತುವ ಗುಂಡಿಯ ಲೈನ್ ಅದು. ಯಾರೂ ಬಳಸಿರಲಿಲ್ಲ ಅನ್ನುವುದು ನಿಜ. ಯಾರೂ ಬಳಸುವ ಪರಿಸ್ಥಿತಿ ಬಂದಿರಲಿಲ್ಲ ಅಷ್ಟೇ.

ಹೀಗೆ ಮರೆಯಲ್ಲಿರುವ ಸಾಧನಗಳು ತುಂಬಾ. ಕಳ್ಳತನ, ಬೆಂಕಿ ಎಚ್ಚರಿಸುವ ಅಲಾರಂ ಪೆಟ್ಟಿಗೆ. ಕಾರ್ಡ್ ಉಜ್ಜುವ ಹಳೆಯ ಯಂತ್ರ. ಗೇಟಿನ ಇಂಟರ್‌ಕಾಮ್. ಜನರೇಟರ್, ನೀರಿನ ಪಂಪುಗಳ ಮೇಲೆ ಕಣ್ಣಿಡುವ ಮೋಡೆಮ್. ಇವು ಮನುಷ್ಯರ ದನಿಯನ್ನು ಕಳಿಸುವುದಿಲ್ಲ, ಸಂಕೇತದ ಸದ್ದುಗಳನ್ನು ಕಳಿಸುತ್ತವೆ. ಇಂಟರ್‌ನೆಟ್ ಫೋನ್ ಸೇವೆ ಮನುಷ್ಯರ ಕಿವಿಗಾಗಿ ಮಾಡಿದ್ದು. ದನಿಯಲ್ಲಿ ಒಂದು ಚೂರು ಕಳೆದರೆ ನಮ್ಮ ಕಿವಿ ಸಹಿಸಿಕೊಳ್ಳುತ್ತದೆ, ಮೋಡೆಮ್ ಸಹಿಸುವುದಿಲ್ಲ. ಹಳೆಯ ಪೆಟ್ಟಿಗೆಗೆ ಅಡಾಪ್ಟರ್ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದರೆ ಮೊದಲ ದಿನ ಕೆಲಸ ಮಾಡೀತು. ಬೇಕಾದ ದಿನ ಮಾಡುತ್ತದೆ ಅನ್ನುವ ಭರವಸೆ ಇಲ್ಲ. ಬ್ರಿಟನ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಇದೇ ಆಯಿತು. ವಯಸ್ಸಾದವರು ಕುತ್ತಿಗೆಗೆ ಹಾಕಿಕೊಂಡು ತುರ್ತಿನಲ್ಲಿ ಒತ್ತುವ ಅಲಾರಂಗಳು ಹೊಸ ಜಾಲಕ್ಕೆ ಬದಲಾದ ಮೇಲೆ ಕೆಲಸ ಮಾಡದ ಗಂಭೀರ ಪ್ರಕರಣಗಳು ವರದಿಯಾದವು. ಗ್ರಾಹಕರ ಒಪ್ಪಿಗೆ ಇಲ್ಲದೆ ಬದಲಾಯಿಸುವುದನ್ನು ದೊಡ್ಡ ಕಂಪನಿಗಳು ಆಗ ನಿಲ್ಲಿಸಬೇಕಾಯಿತು. ಗಡುವು 2027ಕ್ಕೆ ಸರಿದದ್ದರ ಹಿಂದೆ ಈ ಕಾರಣವೂ ಇದೆ.

ಅದಕ್ಕೇ ಲಿಫ್ಟ್, ಅಲಾರಂಗಳ ವಿಷಯವನ್ನು ಫೋನ್ ಕಂಪನಿಯವರ ಜೊತೆ ತೀರ್ಮಾನ ಮಾಡಬೇಡಿ. ಆ ಸಾಧನ ಹಾಕಿದವರನ್ನೇ ಕರೆಸಿ. ಮೊಬೈಲ್ ಸಿಮ್ ಇರುವ ಹೊಸ ಘಟಕ ಹಾಕುವುದು ಸಾಮಾನ್ಯವಾಗಿ ಸರಿಯಾದ ದಾರಿ. ಹಾಕಿಸಿದ ದಿನವೇ ಲಿಫ್ಟ್ ಒಳಗೆ ನಿಂತು ಗುಂಡಿ ಒತ್ತಿ, ಆ ಕಡೆಯವರ ಜೊತೆ ಮಾತಾಡಿ ನೋಡಿ.

ವೇಗ ಕೇಳಿ ಮೋಸ ಹೋಗಬೇಡಿ

ಈಗ ಬ್ರಾಡ್‌ಬ್ಯಾಂಡ್‌ಗೆ ಬರೋಣ. ಮಾರುವವರು ಮೊದಲು ಹೇಳುವುದು ವೇಗ. ನೂರು ಎಂಬಿಪಿಎಸ್ (ಸೆಕೆಂಡಿಗೆ ನೂರು ಮೆಗಾಬಿಟ್), ಐನೂರು ಎಂಬಿಪಿಎಸ್. ಒಂದು ಫೋನ್ ಕರೆಗೆ ಎಷ್ಟು ಬೇಕು ಗೊತ್ತಾ?

ಲೆಕ್ಕ ಸುಲಭ. ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್ ಆಗುತ್ತದೆ. ಇದು ಜಿ.711 ಅನ್ನುವ ಹಳೆಯ ವಿಧಾನ, ಈಗಲೂ ಎಲ್ಲೆಡೆ ನಡೆಯುತ್ತದೆ. ಆ ದನಿಯನ್ನು ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ವಿಳಾಸದ ಚೀಟಿ ಅಂಟಿಸಿದ ಮೇಲೆ ಸುಮಾರು 87 ಕಿಲೋಬಿಟ್ ಆಗುತ್ತದೆ. ಹೋಗುವುದಕ್ಕೆ ಅಷ್ಟು, ಬರುವುದಕ್ಕೆ ಅಷ್ಟು. ಹತ್ತು ಜನ ಒಟ್ಟಿಗೆ ಮಾತಾಡಿದರೂ ಒಂದು ಎಂಬಿಪಿಎಸ್, ಅಂದರೆ ಸಾವಿರ ಕಿಲೋಬಿಟ್, ತುಂಬುವುದಿಲ್ಲ.

ಹಾಗಾದರೆ ಐನೂರು ಎಂಬಿಪಿಎಸ್ ಇರುವ ಕಚೇರಿಯಲ್ಲೂ ದನಿ ಕಟ್ ಕಟ್ ಆಗುವುದು ಯಾಕೆ? ಫೋನಿಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಸಮಯಪಾಲನೆ. 50 ಪ್ಯಾಕೆಟ್‌ಗಳೂ ಒಂದೇ ಅಂತರದಲ್ಲಿ, ತಡವಾಗದೆ ಬರಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮುಟ್ಟಲು 150 ಮಿಲಿಸೆಕೆಂಡ್ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದು ಮೀರುತ್ತಾ ಹೋದಂತೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ಮತ್ತೆ ಒಟ್ಟಿಗೆ ಶುರು ಮಾಡುತ್ತಾರೆ. ಪ್ಯಾಕೆಟ್‌ಗಳು ಬರುವ ಅಂತರ ಏರುಪೇರಾಗುವುದಕ್ಕೆ ಜಿಟ್ಟರ್ ಅಂತಾರೆ. ಅದು 30 ಮಿಲಿಸೆಕೆಂಡ್ ಒಳಗಿದ್ದರೆ, ಕಳೆದುಹೋಗುವ ಪ್ಯಾಕೆಟ್ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಮಾತು ಚೆನ್ನಾಗಿ ಕೇಳುತ್ತದೆ.

ಒಂದು ಅನುಭವ ಹೇಳುತ್ತೇನೆ. ಹದಿನೆಂಟು ಜನರ ಕಚೇರಿ. ಬೆಳಿಗ್ಗೆಯಿಂದ ಫೋನ್ ಚೆನ್ನಾಗಿರುತ್ತಿತ್ತು. ಸಂಜೆ ಐದು ಗಂಟೆ ಆಯಿತು ಅಂದರೆ ದನಿ ಒಡೆಯುತ್ತಿತ್ತು. ಫೋನ್ ಕಂಪನಿಯವರು ಇಂಟರ್‌ನೆಟ್ ಕಡೆ ಬೆರಳು ತೋರಿಸಿದರು, ಇಂಟರ್‌ನೆಟ್‌ನವರು ಫೋನ್ ಕಡೆ ತೋರಿಸಿದರು. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ನಾವೇ ಒಂದು ಸಂಜೆ ಕೂತು ರೂಟರ್ ನೋಡಿದೆವು. ಐದು ಗಂಟೆಗೆ ಕಂಪ್ಯೂಟರ್‌ಗಳ ಬ್ಯಾಕಪ್ ಶುರುವಾಗುತ್ತಿತ್ತು. ಹೊರಗೆ ಹೋಗುವ ದಾರಿ ಪೂರ್ತಿ ತುಂಬುತ್ತಿತ್ತು. ಅವರ ಅಪ್‌ಲೋಡ್ ಇದ್ದದ್ದು 10 ಎಂಬಿಪಿಎಸ್. ರೂಟರ್ ತನ್ನೊಳಗೆ 256 ಕಿಲೋಬೈಟ್ ಸರತಿ ಕಟ್ಟಿದರೂ ಸಾಕು, ಅದು ಖಾಲಿಯಾಗಲು 200 ಮಿಲಿಸೆಕೆಂಡ್ ಬೇಕು. ಫೋನಿನ ಪುಟ್ಟ ಪ್ಯಾಕೆಟ್ ಆ ಸರತಿಯ ಹಿಂದೆ ನಿಲ್ಲುತ್ತಿತ್ತು. ಕಚೇರಿಯ ಬಾಗಿಲಿನಲ್ಲೇ 150ರ ಮಿತಿ ಮುಗಿದುಹೋಗುತ್ತಿತ್ತು. ರೂಟರ್‌ನಲ್ಲಿ ಫೋನ್ ಪ್ಯಾಕೆಟ್‌ಗಳಿಗೆ ಮೊದಲ ದಾರಿ ಬಿಡುವ ಹಾಗೆ ಮಾಡಿ, ಬ್ಯಾಕಪ್ಪನ್ನು ರಾತ್ರಿ ಹತ್ತಕ್ಕೆ ಇಟ್ಟೆವು. ಅವತ್ತಿಂದ ತೊಂದರೆ ಇಲ್ಲ.

ಆದ್ದರಿಂದ ಡೌನ್‌ಲೋಡ್ ಸಂಖ್ಯೆ ನೋಡುವ ಮೊದಲು ಅಪ್‌ಲೋಡ್ ಕೇಳಿ. ರೂಟರ್‌ನಲ್ಲಿ ದನಿಗೆ ಆದ್ಯತೆ ಕೊಡಲು ಬರುತ್ತದಾ ಕೇಳಿ. ಅವರು ಕೊಟ್ಟದ್ದರ ಬದಲು ಬೇರೆ ರೂಟರ್ ಹಾಕಿಕೊಳ್ಳಲು ಬಿಡುತ್ತಾರಾ ಅದನ್ನೂ ಕೇಳಿ. ಪರೀಕ್ಷೆ ನೀವೇ ಮಾಡಬಹುದು. ಕೆಲಸದ ಹೊತ್ತಿನಲ್ಲಿ ಕಂಪ್ಯೂಟರ್‌ನಲ್ಲಿ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ತೋರಿಸುವ ಪರೀಕ್ಷೆ) ಓಡಲು ಬಿಟ್ಟು, ಅದರ ಜೊತೆಗೇ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ಪಿಂಗ್ ಸಂಖ್ಯೆ ಹತ್ತಿಪ್ಪತ್ತರಿಂದ ಇನ್ನೂರು ಮುನ್ನೂರಕ್ಕೆ ಏರಿದರೆ ನಿಮ್ಮ ಫೋನಿಗೂ ಅದೇ ಗತಿ. ಭಾನುವಾರ ರಾತ್ರಿ ಖಾಲಿ ಕಚೇರಿಯಲ್ಲಿ ಮಾಡಿದ ಸ್ಪೀಡ್ ಟೆಸ್ಟ್ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಯಾವ ಲೈನ್ ಅನ್ನುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೈಬರ್ ಸಿಗುವುದಾದರೆ ಫೈಬರ್ ತಗೊಳ್ಳಿ. ಆದರೆ ಸಾಮಾನ್ಯ ಫೈಬರ್ ಕೂಡ ಹಂಚಿಕೆಯದ್ದೇ ಅನ್ನುವುದು ಗೊತ್ತಿರಲಿ. ಜಿಪಾನ್ ಅನ್ನುವ ವಿಧಾನದಲ್ಲಿ ಕೆಳಗೆ ಬರುವ ಸುಮಾರು 2.5 ಗಿಗಾಬಿಟ್, ಮೇಲೆ ಹೋಗುವ ಸುಮಾರು 1.25 ಗಿಗಾಬಿಟ್ಟನ್ನು 32 ಅಥವಾ 64 ಮಂದಿ ಹಂಚಿಕೊಳ್ಳುತ್ತಾರೆ. ಹೆಚ್ಚಿನ ಕಚೇರಿಗಳಿಗೆ ಅದು ಧಾರಾಳ. ನಿಮ್ಮದೇ ಅಂತ ಮೀಸಲಾದ ಲೀಸ್ಡ್ ಲೈನ್ ದುಬಾರಿ. ದಿನವಿಡೀ ಫೋನಿನಲ್ಲೇ ವ್ಯವಹಾರ ನಡೆಯುವ ಕಡೆ ಮಾತ್ರ ಅದು ಬೇಕು. ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಬರುವ ಇಂಟರ್‌ನೆಟ್ ಫೋನಿಗೆ ಹೊಂದುವುದಿಲ್ಲ. ಬೆಳಕಿನ ವೇಗದಲ್ಲಿ ಹೋಗಿ ಬಂದರೂ ಒಂದು ಕಡೆಗೆ ಸುಮಾರು 240 ಮಿಲಿಸೆಕೆಂಡ್ ಹಿಡಿಯುತ್ತದೆ. ಕೆಳಗಿನ ಕಕ್ಷೆಯ ಉಪಗ್ರಹಗಳಿಗೆ ಈ ತೊಂದರೆ ಇಲ್ಲ.

ಒಪ್ಪಂದದಲ್ಲಿ "99.9 ಪರ್ಸೆಂಟ್ ಚಾಲ್ತಿ" ಅಂತ ಬರೆದಿರುತ್ತಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ವರ್ಷಕ್ಕೆ ಅದು ಸುಮಾರು ಎಂಟೂ ಮುಕ್ಕಾಲು ಗಂಟೆ ಬಂದ್. 99 ಪರ್ಸೆಂಟ್ ಅಂದರೆ ಮೂರೂವರೆ ದಿನಕ್ಕಿಂತ ಜಾಸ್ತಿ. ಆ ಪರ್ಸೆಂಟ್‌ಗಿಂತ ನಾನು ಹೆಚ್ಚು ಗಮನ ಕೊಡುವುದು ರಿಪೇರಿ ಗಡುವಿಗೆ. ಲೈನ್ ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿ ಮಾಡುತ್ತಾರೆ? ಶನಿವಾರ ರಾತ್ರಿ ಕೆಟ್ಟರೆ ಗಡಿಯಾರ ಆಗಲೇ ಶುರುವಾಗುತ್ತದಾ, ಸೋಮವಾರ ಬೆಳಿಗ್ಗೆಯಾ? ಇದು ಕಾಗದದ ಮೇಲೆ ಇರಬೇಕು.

ಫೋನ್ ಸೇವೆ: ನನ್ನ ಅಭಿಪ್ರಾಯ

ಇಲ್ಲಿ ಮುಖ್ಯವಾಗಿ ಮೂರು ದಾರಿ ಇವೆ. ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರಿನ ಹಿಂದೆ ಒಂದು ಫೋನ್ ಸಾಕೆಟ್ ಇರುತ್ತದೆ. ಹಳೆಯ ಫೋನನ್ನೇ ಅದಕ್ಕೆ ಚುಚ್ಚಿದರೆ ಆಯಿತು. ಅಗ್ಗ, ಸುಲಭ, ಒಬ್ಬರೋ ಇಬ್ಬರೋ ಇರುವ ಕಚೇರಿಗೆ ಸಾಕು. ಆದರೆ ಹೆಚ್ಚಿನ ಕಡೆ ಆ ನಂಬರ್ ಆ ಲೈನಿಗೆ ಕಟ್ಟಿಹಾಕಿದ್ದು. ಲೈನ್ ಬಿದ್ದರೆ ನಂಬರೂ ಬಿತ್ತು. ನೀವು ಇನ್ನೊಂದು ಇಂಟರ್‌ನೆಟ್ ಇಟ್ಟುಕೊಂಡಿದ್ದರೂ ಫೋನಿಗೆ ಅದರಿಂದ ಉಪಯೋಗ ಆಗುವುದಿಲ್ಲ.

ಎರಡನೆಯದು, ಹೊರಗಿನ ಲೈನ್‌ಗಳನ್ನು ಒಳಗಿನ ಮೇಜುಗಳ ಫೋನ್‌ಗಳಿಗೆ ಹಂಚುವ ಇಪಿಎಬಿಎಕ್ಸ್ ಪೆಟ್ಟಿಗೆ ಕಚೇರಿಯಲ್ಲಿದ್ದರೆ ಅದನ್ನು ಉಳಿಸಿಕೊಂಡು, ಅದಕ್ಕೆ ಬರುತ್ತಿದ್ದ ತಾಮ್ರದ ಲೈನ್‌ಗಳ ಬದಲು ಸಿಪ್ ಟ್ರಂಕ್, ಅಂದರೆ ಇಂಟರ್‌ನೆಟ್ ಮೇಲೆ ಬರುವ ಫೋನ್ ಲೈನ್, ಹಾಕುವುದು. ಪೆಟ್ಟಿಗೆ ಹೊಸದಿದ್ದರೆ ಇದು ಒಳ್ಳೆಯ ದಾರಿ. ಮೇಜು ಮೇಜಿನ ಒಳಗಿನ ನಂಬರ್‌ಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು, ಬದಲಾಗುವುದಿಲ್ಲ, ಜನ ಹೊಸದಾಗಿ ಕಲಿಯಬೇಕಿಲ್ಲ. ಇಂಟರ್‌ನೆಟ್ ಹೋದರೂ ಒಳಗೊಳಗೆ ಒಬ್ಬರಿಗೊಬ್ಬರು ಕರೆ ಮಾಡಬಹುದು. ಗೋದಾಮು, ಕಾರ್ಖಾನೆಯಂಥ ಕಡೆ ಅದು ಸಣ್ಣ ಮಾತಲ್ಲ.

ಮೂರನೆಯದು, ಪೆಟ್ಟಿಗೆಯೇ ಇಲ್ಲದೆ ಎಲ್ಲವೂ ಸೇವೆ ಕೊಡುವವರ ಸರ್ವರ್‌ನಲ್ಲಿ ಇರುವುದು. ಕ್ಲೌಡ್ ಫೋನ್ ಅಂತಾರಲ್ಲ, ಅದು. ಇಪ್ಪತ್ತು ಮೂವತ್ತು ಜನದೊಳಗಿನ ಕಚೇರಿಗಳಿಗೆ ನಾನು ಹೇಳುವುದು ಇದನ್ನೇ. ಕಾರಣ ಒಂದೇ. ನಿಮ್ಮ ಕಟ್ಟಡದ ಇಂಟರ್‌ನೆಟ್ ಪೂರ್ತಿ ಸತ್ತರೂ ನಿಮ್ಮ ನಂಬರ್ ಇನ್ನೊಂದು ಕಡೆ ಬದುಕಿರುತ್ತದೆ. ಬಂದ ಕರೆಯನ್ನು ಅದು ಎತ್ತಿಕೊಳ್ಳುತ್ತದೆ, ಸಿಬ್ಬಂದಿಯ ಮೊಬೈಲ್‌ಗೆ ತಿರುಗಿಸುತ್ತದೆ. ಕರೆ ಮಾಡಿದವರಿಗೆ ನಿಮ್ಮಲ್ಲಿ ಏನಾಗಿದೆ ಅಂತ ಗೊತ್ತೂ ಆಗುವುದಿಲ್ಲ. ತಾಮ್ರಕ್ಕೆ ಇದು ಯಾವತ್ತೂ ಸುಲಭವಿರಲಿಲ್ಲ. ಆದರೆ ಹೀಗೆ ತಿರುಗುವ ಏರ್ಪಾಡು ತಾನಾಗಿ ಇರುವುದಿಲ್ಲ. ಸೇವೆ ಶುರುವಾದ ದಿನ ನೀವೇ ಕೂತು ಹೇಳಿ ಮಾಡಿಸಬೇಕು. ಆಮೇಲೆ ರೂಟರಿನ ಕೇಬಲ್ ಕಿತ್ತು, ಹೊರಗಿನಿಂದ ಕರೆ ಮಾಡಿ ನೋಡಬೇಕು.

ಫೋನ್ ಮತ್ತು ಇಂಟರ್‌ನೆಟ್ ಒಂದೇ ಕಂಪನಿಯಿಂದ ತಗೊಳ್ಳಲಾ, ಬೇರೆ ಬೇರೆಯಾ? ಒಂದೇ ಆದರೆ ಬೆರಳು ತೋರಿಸುವ ಆಟ ಇರುವುದಿಲ್ಲ, ನಿಜ. ಆದರೂ ನಾನು ಬೇರೆ ಬೇರೆ ಅನ್ನುತ್ತೇನೆ. ನಾಳೆ ಇಂಟರ್‌ನೆಟ್ ಕಂಪನಿ ಬದಲಾಯಿಸಬೇಕು ಅನ್ನಿಸಿದರೆ ಫೋನ್ ನಂಬರ್ ನಿಮ್ಮ ಕಾಲಿಗೆ ತೊಡಕಾಗಬಾರದು.

ಮೇಜಿನ ಮೇಲೆ ಫೋನ್ ಬೇಕಾ, ಕಂಪ್ಯೂಟರ್‌ನಲ್ಲಿ ಆ್ಯಪ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ದಿನಕ್ಕೆ ನಾಲ್ಕು ಕರೆ ಬರುವವರಿಗೆ ಆ್ಯಪ್ ಸಾಕು. ಸ್ವಾಗತದ ಮೇಜಿಗೆ, ದೂರು ಕೇಳುವವರಿಗೆ ಕೇಬಲ್ ಹಾಕಿದ ಫೋನೇ ಕೊಡಿ. ವೈಫೈ ಮೇಲೆ ಅವರನ್ನು ಬಿಡಬೇಡಿ.

ತಾಂತ್ರಿಕವಾದ ಒಂದೇ ಒಂದು ವಿಷಯ ಹೇಳುತ್ತೇನೆ, ಇದು ತುಂಬಾ ಜನರ ತಲೆ ತಿಂದಿದೆ. ಕರೆ ಸರಿಯಾಗಿ ಅರ್ಧ ನಿಮಿಷಕ್ಕೆ ಕಟ್ ಆಗುತ್ತದೆ. ಅಥವಾ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದ್ದು ನಮಗೆ ಕೇಳುವುದಿಲ್ಲ. ಹೀಗಾದರೆ ಲೈನ್ ಬೈಯುವ ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವ ಆಯ್ಕೆ ಹುಡುಕಿ, ಆಫ್ ಮಾಡಿ. ಫೋನಿಗೆ ಸಹಾಯ ಮಾಡಲೆಂದು ಇಟ್ಟದ್ದು ಅದು. ಎಷ್ಟೋ ರೂಟರ್‌ಗಳಲ್ಲಿ ಅದೇ ಪ್ಯಾಕೆಟ್‌ನೊಳಗಿನ ವಿಳಾಸ ಕೆಡಿಸುತ್ತದೆ. ಕರೆ ಎತ್ತಿದ್ದು ಗೊತ್ತಾಯಿತು ಅನ್ನುವ ಮರುಉತ್ತರ ಕರೆ ಎತ್ತಿದ ಕಡೆಗೆ ತಲುಪುವುದಿಲ್ಲ. ಆ ಕಡೆಯ ಯಂತ್ರ 32 ಸೆಕೆಂಡ್ ಕಾದು ಕರೆಯನ್ನು ಕೈಬಿಡುತ್ತದೆ. ಅದಕ್ಕೇ ಆ ಲೆಕ್ಕದ ಅರ್ಧ ನಿಮಿಷ.

ತುರ್ತು ಕರೆ

ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬ ಮಹಿಳೆಯ ಮೇಲೆ ಹಲ್ಲೆ ನಡೆಯಿತು. ಅವರ ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ನಾಲ್ಕು ಸಲ ಕರೆ ಮಾಡಿದಳು. ಕರೆ ಹೋಗಲೇ ಇಲ್ಲ. ಹೊರಗಿನ ಲೈನ್ ಸಿಗಲು ಮೊದಲು 9 ಒತ್ತಬೇಕು ಅಂತ ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಆಮೇಲೆ 2018ರಲ್ಲಿ ಅಲ್ಲಿ ಕಾನೂನು ಬಂತು. ಕಚೇರಿ, ಹೋಟೆಲ್‌ಗಳ ಹೊಸ ಫೋನ್ ವ್ಯವಸ್ಥೆಗಳಲ್ಲಿ ಯಾವ ಮುಂಚಿನ ಅಂಕಿಯೂ ಇಲ್ಲದೆ ನೇರವಾಗಿ 911ಕ್ಕೆ ಕರೆ ಹೋಗಬೇಕು. ಅಂಥ ಕರೆ ಹೋಗಿದೆ ಅಂತ ಕಟ್ಟಡದ ಜವಾಬ್ದಾರರಿಗೂ ಗೊತ್ತಾಗಬೇಕು.

ನಿಮ್ಮ ದೇಶದಲ್ಲಿ ಆ ಕಾನೂನು ಇದೆಯೋ ಇಲ್ಲವೋ, ನಿಮ್ಮ ಫೋನ್ ಹಾಕುವವರ ಹತ್ತಿರ ಇದನ್ನು ಮಾಡಿಸಿ. ಐದು ನಿಮಿಷದ ಕೆಲಸ.

ಇನ್ನೊಂದು, ವಿಳಾಸ. ತಾಮ್ರದ ತಂತಿಯ ಒಂದು ತುದಿ ಎಕ್ಸ್‌ಚೇಂಜ್‌ನಲ್ಲಿ, ಇನ್ನೊಂದು ತುದಿ ನಿಮ್ಮ ಗೋಡೆಯಲ್ಲಿ. ಜಾಗ ಬದಲಾಗುವುದಿಲ್ಲ. ಇಂಟರ್‌ನೆಟ್ ಫೋನನ್ನು ನೀವು ಬ್ಯಾಗಿಗೆ ಹಾಕಿಕೊಂಡು ಬೇರೆ ಊರಿಗೆ ಹೋಗಬಹುದು, ಅಲ್ಲೂ ಅದೇ ನಂಬರ್ ಕೆಲಸ ಮಾಡುತ್ತದೆ. ಅನುಕೂಲವೇ. ಆದರೆ ಅಲ್ಲಿಂದ ತುರ್ತು ಕರೆ ಮಾಡಿದರೆ ಆಂಬುಲೆನ್ಸ್ ನೀವು ನೋಂದಾಯಿಸಿದ ಹಳೆಯ ವಿಳಾಸಕ್ಕೆ ಹೋಗಬಹುದು. ಕಚೇರಿ ಸ್ಥಳಾಂತರವಾದಾಗ ಬ್ಯಾಂಕ್, ತೆರಿಗೆ, ಲೆಟರ್‌ಹೆಡ್ ಎಲ್ಲ ಕಡೆ ವಿಳಾಸ ತಿದ್ದುತ್ತೇವೆ. ಫೋನ್ ಸೇವೆಯವರ ದಾಖಲೆಯಲ್ಲಿ ತಿದ್ದಿದವರನ್ನು ನಾನು ಕಂಡದ್ದು ಕಡಿಮೆ. ಮನೆಯಿಂದ ಕೆಲಸ ಮಾಡುವವರಿಗೆ ತುರ್ತಿನಲ್ಲಿ ಮೊಬೈಲ್ ಬಳಸಿ ಅಂತ ಸ್ಪಷ್ಟವಾಗಿ ಹೇಳಿ. ಕೆಲವು ಇಂಟರ್‌ನೆಟ್ ಫೋನ್ ಸೇವೆಗಳಲ್ಲಿ ತುರ್ತು ಕರೆ ಸೌಲಭ್ಯವೇ ಇರುವುದಿಲ್ಲ. ಸಹಿ ಹಾಕುವ ಮೊದಲು ಇದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕರೆಂಟ್ ಹೋದರೆ, ಲೈನ್ ಹೋದರೆ

ಫೈಬರ್ ಗಾಜಿನ ಎಳೆ. ಬೆಳಕು ಒಯ್ಯುತ್ತದೆ, ಕರೆಂಟ್ ಒಯ್ಯುವುದಿಲ್ಲ. ಆ 48 ವೋಲ್ಟ್ ಇನ್ನು ಬರುವುದಿಲ್ಲ. ಫೈಬರ್ ಬಂದು ಸೇರುವ ಪೆಟ್ಟಿಗೆ, ರೂಟರ್, ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ, ಮೇಜಿನ ಮೇಲಿನ ಫೋನ್, ನಾಲ್ಕಕ್ಕೂ ನೀವೇ ಕರೆಂಟ್ ಕೊಡಬೇಕು. ಇದರಲ್ಲಿ ಒಂದು ಆಫ್ ಆದರೂ ಫೋನ್ ಇಲ್ಲ. ಸರ್ವರಿಗೆ ಯುಪಿಎಸ್ ಹಾಕಿ, ಮೂಲೆಯಲ್ಲಿರುವ ಫೈಬರ್ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟ ಕಚೇರಿಗಳು ಲೆಕ್ಕವಿಲ್ಲದಷ್ಟು.

ಒಂದು ಒಳ್ಳೆಯ ಉಪಾಯ ಇದೆ. ನೆಟ್‌ವರ್ಕ್ ಕೇಬಲ್ ಮೂಲಕವೇ ಫೋನಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ತಗೊಳ್ಳಿ. ಒಂದೊಂದು ಫೋನಿಗೂ ಅಡಾಪ್ಟರ್ ಬೇಡ. ಸ್ವಿಚ್, ರೂಟರ್, ಫೈಬರ್ ಪೆಟ್ಟಿಗೆ ಮೂರಕ್ಕೂ ಒಂದೇ ಯುಪಿಎಸ್ ಹಾಕಿದರೆ ಎಲ್ಲ ಮೇಜಿನ ಫೋನೂ ಬದುಕಿರುತ್ತವೆ. ಒಂದು ಫೋನ್ ಬಳಸುವುದು ಕೆಲವೇ ವಾಟ್. ಸಾಧಾರಣ ಯುಪಿಎಸ್ ಇದನ್ನು ಎಳೆಯುತ್ತದೆ, ಕಂಪ್ಯೂಟರ್‌ಗಳನ್ನು ಅದಕ್ಕೆ ಸಿಕ್ಕಿಸದಿದ್ದರೆ. ಯುಪಿಎಸ್ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಸೋಲುತ್ತದೆ. ಹಾಕಿದ ತಾರೀಖನ್ನು ಅದರ ಮೇಲೇ ಬರೆದಿಡಿ.

ಇನ್ನು ಎರಡನೇ ಲೈನ್. ಬೇಕೇ ಬೇಕು. ಆದರೆ ಎಂಥದ್ದು? 2022ರ ಜುಲೈ 8ರಂದು ಕೆನಡಾದಲ್ಲಿ ರೋಜರ್ಸ್ ಕಂಪನಿಯ ಜಾಲ ಬಿದ್ದುಹೋಯಿತು. ಜಾಲವನ್ನು ಮೇಲ್ದರ್ಜೆಗೆ ಏರಿಸುವಾಗ ಆದ ಒಂದು ತಪ್ಪು ಅದಕ್ಕೆ ಕಾರಣ. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು. ಇಂಟರ್‌ನೆಟ್ ಮಾತ್ರ ಹೋಗಿದ್ದಲ್ಲ. ಮೊಬೈಲ್, ಮನೆ ಫೋನ್ ಎಲ್ಲವೂ ಒಟ್ಟಿಗೆ. ಎಲ್ಲವೂ ಒಂದೇ ಮೂಲ ಜಾಲದ ಮೇಲೆ ಓಡುತ್ತಿದ್ದವು. ಇಂಟೆರಾಕ್ ಡೆಬಿಟ್ ಕಾರ್ಡ್ ಪಾವತಿ ದೇಶದಾದ್ಯಂತ ನಿಂತಿತು. ಅನೇಕರಿಗೆ ತುರ್ತು ಕರೆಯೂ ಹೋಗಲಿಲ್ಲ. ಫೈಬರ್ ಬಿದ್ದರೆ ಮೊಬೈಲ್ ಇದೆ ಅಂದುಕೊಂಡು ಎರಡನ್ನೂ ಅಲ್ಲಿಂದಲೇ ತಗೊಂಡಿದ್ದವರಿಗೆ ಅವತ್ತು ಎರಡೂ ಇರಲಿಲ್ಲ.

ಆದ್ದರಿಂದ ಎರಡನೇ ಲೈನ್ ಬೇರೆ ಕಂಪನಿಯದ್ದೇ ಆಗಿರಲಿ. ಅದರ ಜೊತೆಗೆ ಅದು ಬರುವ ದಾರಿಯೂ ಬೇರೆ ಇರಲಿ. ಎರಡು ಕಂಪನಿಯ ಫೈಬರ್ ಒಂದೇ ಕೊಳವೆಯಲ್ಲಿ ಬಂದರೆ ರಸ್ತೆ ಅಗೆಯುವವರ ಒಂದೇ ಏಟಿಗೆ ಎರಡೂ ಹೋಗುತ್ತವೆ. ಮೊದಲನೆಯದು ಫೈಬರ್ ಆದರೆ ಎರಡನೆಯದು ಇನ್ನೊಂದು ಕಂಪನಿಯ 4ಜಿ ಅಥವಾ 5ಜಿ ಸಿಮ್ ಇರುವ ರೂಟರ್ ಆಗಬಹುದು. ಹತ್ತು ಕರೆಗೆ ಒಂದು ಎಂಬಿಪಿಎಸ್ ಸಾಕು ಅಂದೆನಲ್ಲ, ಮೊಬೈಲ್ ಜಾಲ ಫೋನನ್ನು ಸುಲಭವಾಗಿ ಹೊರುತ್ತದೆ. ಆ ಹೊತ್ತಿನಲ್ಲಿ ಬ್ಯಾಕಪ್, ವಿಡಿಯೋಗಳನ್ನು ರೂಟರ್ ತಾನಾಗಿ ತಡೆಯುವ ಹಾಗೆ ಮಾಡಿಸಿ. ಕರೆಂಟ್ ತುಂಬಾ ಹೊತ್ತು ಹೋದರೆ ಮೊಬೈಲ್ ಟವರ್‌ಗಳ ಬ್ಯಾಟರಿಯೂ ಖಾಲಿಯಾಗುತ್ತದೆ ಅನ್ನುವುದೂ ನೆನಪಿರಲಿ.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: "ಇಂಟರ್‌ನೆಟ್ ಫೋನ್ ಹ್ಯಾಕ್ ಆಗಿ ಲಕ್ಷಗಟ್ಟಲೆ ಬಿಲ್ ಬರುತ್ತದಂತೆ, ನಿಜವಾ?"

ನಿಜ. ವಾರದ ರಜೆಯ ರಾತ್ರಿಗಳಲ್ಲೇ ಇದು ಜಾಸ್ತಿ. ಸುಲಭದ ಪಾಸ್‌ವರ್ಡ್ ಇರುವ ಒಂದು ಎಕ್ಸ್‌ಟೆನ್ಶನ್ ಹುಡುಕಿ, ಅದರಿಂದ ದುಬಾರಿ ವಿದೇಶಿ ನಂಬರ್‌ಗಳಿಗೆ ಬೆಳಗಿನವರೆಗೂ ಕರೆ ಮಾಡುತ್ತಾರೆ. ಆ ನಂಬರ್‌ಗಳ ಆದಾಯದಲ್ಲಿ ಅವರಿಗೆ ಪಾಲು. ನೀವು ಹೊರದೇಶಕ್ಕೆ ಕರೆ ಮಾಡುವುದಿಲ್ಲವಾದರೆ ಮೊದಲ ದಿನವೇ ಅದನ್ನು ಪೂರ್ತಿ ಮುಚ್ಚಿಸಿ. ಮಾಡುವುದಾದರೆ ಯಾವ ದೇಶಕ್ಕೆ ಅಂತ ಹೇಳಿ, ಅದಕ್ಕೆ ಮಾತ್ರ ತೆರೆಸಿ. ದಿನಕ್ಕೆ ಇಷ್ಟೇ ಖರ್ಚು ಅಂತ ಮಿತಿಯನ್ನೂ ಹಾಕಿಸಿ.

"ನಮಗೆ ಫ್ಯಾಕ್ಸ್ ಇನ್ನೂ ಬೇಕು. ಏನು ಮಾಡುವುದು?" ಇದು ಒಂದು ಪ್ರಯೋಗಾಲಯ ನಡೆಸುವ ಅಮ್ಮ ಕೇಳಿದ್ದು.

ಫ್ಯಾಕ್ಸ್‌ಗೆ ಅಂತಲೇ ಟಿ.38 ಅನ್ನುವ ವಿಧಾನ ಇದೆ. ಫ್ಯಾಕ್ಸ್ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸುವ ಅಡಾಪ್ಟರ್, ಸೇವೆ ಕೊಡುವವರು ಎರಡೂ ಕಡೆ ಅದಕ್ಕೆ ಒಪ್ಪಬೇಕು. ತಿಂಗಳಿಗೆ ಹತ್ತಿಪ್ಪತ್ತು ಪುಟ ಮಾತ್ರ ಆದರೆ, ಬಂದ ಫ್ಯಾಕ್ಸನ್ನು ಇಮೇಲ್‌ಗೆ ಕಳಿಸುವ ಸೇವೆ ತಗೊಳ್ಳಿ ಅಮ್ಮಾ. ನಂಬರ್ ಅದೇ ಇಟ್ಟುಕೊಳ್ಳಬಹುದು. ರೋಗಿಗಳ ವರದಿ ಬರುವುದಾದರೆ ಆ ಇಮೇಲ್ ಯಾರು ಯಾರು ತೆರೆಯಬಹುದು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ.

ಕೊನೆಯದಾಗಿ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಹಳೆಯ ಲೈನ್ ಯಾವಾಗ ಕ್ಯಾನ್ಸಲ್ ಮಾಡಬೇಕು?" ಅಂದ.

ಒಳ್ಳೆಯ ಪ್ರಶ್ನೆ ಕೇಳಿದೆ ಕಣಪ್ಪ. ನಾನು ಮಾತಿನಲ್ಲಿ ಬಿಟ್ಟುಬಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಒಂದೇ ನಂಬರ್ ಇಟ್ಟುಕೊಂಡಿದ್ದ ಕಚೇರಿಯೊಂದರಲ್ಲಿ, ಹೊಸ ಫೋನ್ ಬಂತಲ್ಲ, ಇನ್ನು ಎರಡು ಬಿಲ್ ಯಾಕೆ ಅಂತ ಹಳೆಯ ಲೈನನ್ನು ರದ್ದು ಮಾಡಿಸಿಬಿಟ್ಟರು. ನಂಬರ್ ವರ್ಗಾವಣೆಯ ಅರ್ಜಿ ಇನ್ನೂ ನಡುದಾರಿಯಲ್ಲಿತ್ತು. ಲೈನ್ ರದ್ದಾದ ಕ್ಷಣ ಆ ನಂಬರ್ ಅವರದ್ದಾಗಿ ಉಳಿಯಲಿಲ್ಲ. ವರ್ಗಾವಣೆಗೆ ಚಾಲ್ತಿಯಲ್ಲಿರುವ ನಂಬರ್ ಬೇಕು. ನಾವು ಎಷ್ಟು ಓಡಾಡಿದರೂ ಅದು ಸಿಗಲಿಲ್ಲ. ಅವರ ಹಳೆಯ ಗ್ರಾಹಕರಿಗೆ ಗೊತ್ತಿದ್ದದ್ದು ಅದೊಂದೇ ನಂಬರ್.

ಅದಕ್ಕೆ ಮೊದಲು ಹೊಸ ಇಂಟರ್‌ನೆಟ್ ಹಾಕಿಸು. ಈಗಿನ ಬ್ರಾಡ್‌ಬ್ಯಾಂಡ್ ಅದೇ ತಾಮ್ರದ ಲೈನಿನ ಮೇಲಿದ್ದರೆ, ನಂಬರ್ ಹೋದಾಗ ಅದೂ ನಿಲ್ಲಬಹುದು. ಆಮೇಲೆ ಹೊಸ ಫೋನ್ ಸೇವೆಯನ್ನು ಒಂದು ತಾತ್ಕಾಲಿಕ ನಂಬರ್ ಮೇಲೆ ಎರಡು ವಾರ ಓಡಿಸಿ ನೋಡು. ಸರಿ ಅನ್ನಿಸಿದರೆ ವರ್ಗಾವಣೆ ಅರ್ಜಿ ಕೊಡು. ಹೆಸರು, ವಿಳಾಸ ಹಳೆಯ ಬಿಲ್‌ನಲ್ಲಿ ಹೇಗಿದೆಯೋ ಅಕ್ಷರ ತಪ್ಪದೆ ಹಾಗೇ ಬರೆ. ಅರ್ಜಿ ವಾಪಸ್ ಬರುವುದು ಬಹಳ ಸಲ ಈ ಕಾರಣಕ್ಕೇ. ನಂಬರ್ ಹೊಸ ಕಡೆ ಬಂದ ಮೇಲೆ ಬೇರೆ ಬೇರೆ ಕಂಪನಿಯ ಮೊಬೈಲ್‌ಗಳಿಂದ ಕರೆ ಮಾಡಿ ನೋಡು. ಎಲ್ಲ ಕಡೆಯಿಂದಲೂ ರಿಂಗ್ ಆಯಿತು ಅಂದಮೇಲೆ ಹಳೆಯ ಕಂಪನಿಗೆ ಪತ್ರ ಬರೆ. ಲಿಫ್ಟಿನ ಲೈನ್ ಬೇರೆ ಇದ್ದರೆ, ಹೊಸ ಘಟಕ ಹಾಕಿ ಪರೀಕ್ಷೆ ಮಾಡುವವರೆಗೆ ಅದನ್ನು ಮುಟ್ಟಬೇಡ.